ಹತ್ತನೆಯ ಹೆಸರು

ಫೆಬ್ರವರಿ 4

ಪ್ರೀತಿಯ ಗುಂಡನಿಗೆ,

ಲಕೋಟೆಯ ಮೇಲೆ ‘ಪೂಜ್ಯ ಸಭಾಪಾಲಕರಿಗೆ’ ಎಂದು ಉದ್ದಕ್ಕೆ ಬರೆದಿದ್ದೇನೆ, ನಿಮ್ಮ ಆಫೀಸಿನವರ ಮುಂದೆ ನಿನ್ನ ಮರ್ಯಾದೆ ಹೋಗದಿರಲಿ ಅಂತ. ಒಳಗೆ ಮಾತ್ರ ನೀನು ಗುಂಡನೇ. ಫೋನಿನಲ್ಲಿ ಹೇಳೋಣವೆಂದರೆ ಎರಡನೇ ಮಾತಿಗೆ ‘ಅಕ್ಕ, ಮೀಟಿಂಗ್ ಇದೆ’ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಪಾದ್ರಿಗಳೇ, ನಿಮ್ಮ ದೇವಾಲಯದ ಆರ್ಡರ್ ಬಂತು. ದೇಶ ಹುಟ್ಟಿ ಐವತ್ತು ವರ್ಷ ತುಂಬುವ ದಿನ, ಜೂನ್ ಇಪ್ಪತ್ತಕ್ಕೆ, ಗೋಡೆಗೆ ಒಂದು ಕಪ್ಪು ಕಲ್ಲು. ದೇಶ ಬಿಡಿಸಿಕೊಳ್ಳಲು ನಡೆದ ಯುದ್ಧಕ್ಕೆ ನಿಮ್ಮ ಸಭೆಯಿಂದ ಹೋದ ಇಪ್ಪತ್ತೊಂಬತ್ತು ಜನರಲ್ಲಿ ಹಿಂತಿರುಗದ ಇಪ್ಪತ್ತಮೂರು ಜನರ ಹೆಸರು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ಗಂಡಸರಾಗಿ ಬಾಳಿದರು, ಗಂಡಸರಾಗಿ ಮಡಿದರು’. ಅದರಲ್ಲಿ ಒಬ್ಬನಿಗೆ ಹದಿನೇಳು ವರ್ಷ. ಇನ್ನೂ ಮೀಸೆ ಮೂಡಿರಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಇರಲಿ, ದುಡ್ಡು ಕೊಡುವವರು ನೀವು, ಕೆತ್ತುತ್ತೇನೆ.

ಆದರೆ ನಿಮ್ಮ ಹಿರಿಯರ ಮಂಡಳಿಯ ಕಾರ್ಯದರ್ಶಿಗಳು ಟೈಪ್ ಮಾಡಿದ ಪಟ್ಟಿ ಕಳಿಸಿದ್ದಾರೆ. ಪಟ್ಟಿ ನೋಡಿ ನಾವು ಕೆತ್ತುವುದಿಲ್ಲ ಎಂದು ಅವರಿಗೆ ತಿಳಿಸು. ಒಂದೊಂದು ಹೆಸರಿಗೂ ಒಂದೊಂದು ಚೀಟಿ ಬೇಕು, ಸತ್ತವನನ್ನು ಬಲ್ಲವರ ಕೈಬರಹದಲ್ಲಿ: ಹೆಸರು, ಸತ್ತ ದಿನ, ಬರೆದವರು ಅವನಿಗೆ ಏನಾಗಬೇಕು, ಸಹಿ. ಸತ್ತ ದಿನದ ಪ್ರಕಾರವೇ ಹೆಸರುಗಳು ಸಾಲಾಗಿ ಬರುತ್ತವೆ, ದೊಡ್ಡವರು ಸಣ್ಣವರು ಅಂತಿಲ್ಲ. ಇದು ಅಪ್ಪ ಶೆಡ್ಡು ಹಾಕಿದ ದಿನದಿಂದ ಇರುವ ಕಟ್ಟಳೆ. ಒಮ್ಮೆ ಪಟ್ಟಿ ನಂಬಿ ಬದುಕಿದ್ದ ಮೇಷ್ಟ್ರೊಬ್ಬರ ಹೆಸರು ಕೆತ್ತಿಬಿಟ್ಟಿದ್ದು ನೆನಪಿದೆಯಾ? ಅವರೇ ಬಂದು ತಮ್ಮ ಗೋರಿಕಲ್ಲಿನ ಮುಂದೆ ನಿಂತು, ‘ಅಕ್ಷರ ಚೆನ್ನಾಗಿದೆ, ಸ್ವಲ್ಪ ಬೇಗ ಆಯ್ತು’ ಅಂದಿದ್ದರು.

ಈಗ ಎರಡನೇ ಮಾತು. ನಿನ್ನ ಭಾನುವಾರದ ಪ್ರಸಂಗವನ್ನು ಯಾರೋ ಫೋನಿನಲ್ಲಿ ತಂದು ಅಪ್ಪನಿಗೆ ಕೇಳಿಸಿದರು. ‘ನನ್ನ ತಂದೆ ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಸತ್ಯವೇದ ಹಿಡಿದು ಸೇತುವೆ ಗೆದ್ದರು. ಮಂಡಿಯೂರಬಲ್ಲ ಗಂಡಸರು ಈ ದೇಶ ಕಟ್ಟಿದರು’ ಎಂದು ಗುಡುಗಿದ್ದೀಯ. ಅಲ್ಲ ಕಣೋ, ಎರಡೂ ಕೈ ತುಂಬಿದ್ದರೆ ಬಂದೂಕಿಗೆ ಗುಂಡು ತುಂಬಿದವರು ಯಾರು, ದೇವದೂತರಾ? ಯಾರು ಹೇಳಿದರು ನಿನಗೆ ಈ ಕಥೆ? ಅಪ್ಪ ಯುದ್ಧದಲ್ಲಿ ತಾವು ಮಾಡಿದ್ದರ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನಂತೂ ಕೇಳಿಲ್ಲ.

ಅಪ್ಪ ಪೂರ್ತಿ ಕೇಳಿದರು. ಆಮೇಲೆ ಶೆಡ್ಡಿಗೆ ಹೋಗಿ ಒಂದೇ ಉಳಿಯನ್ನು ಒಂದು ಗಂಟೆ ಮಸೆದರು. ನಿನ್ನ ಭಾವ ಪಾಲಿಶ್ ಯಂತ್ರ ನಿಲ್ಲಿಸಿ ‘ಮಾವ, ಅದು ಸವೆದೇ ಹೋಯ್ತು’ ಎಂದ ಮೇಲೆ ನಿಲ್ಲಿಸಿದರು. ನನಗೆ ಹೇಳಿದ್ದು ಇಷ್ಟೇ: ‘ಅವನಿಗೆ ಬರಿ, ಅದು ನಾನಲ್ಲ ಅಂತ.’

ಬರೆದಿದ್ದೇನೆ. ಇನ್ನು ಆ ‘ಗಂಡಸರ ಶಿಬಿರ’. ನಲವತ್ತು ಜನರಿಂದ ಮರದ ದಿಮ್ಮಿ ಹೊರಿಸಿ ಗುಡ್ಡ ಹತ್ತಿಸುತ್ತೀಯಂತೆ. ಸೈಕಲ್ ಚೈನು ಕಳಚಿದರೆ ‘ಅಕ್ಕಾ’ ಎಂದು ಅಳುತ್ತಿದ್ದವನು ನೀನು. ನಗಬೇಕೋ ಅಳಬೇಕೋ ತಿಳಿಯದು.

ಇಂತಿ ನಿನ್ನ ಅಕ್ಕ


ಫೆಬ್ರವರಿ 19

ಪ್ರೀತಿಯ ಅಕ್ಕನಿಗೆ,

ಚೀಟಿಗಳ ವಿಷಯ ಕಾರ್ಯದರ್ಶಿಗಳಿಗೆ ಹೇಳಿದೆ. ಮೂಗು ಮುರಿದರು, ಒಪ್ಪಿದರು. ಅವರ ಅಣ್ಣನೂ ಆ ಇಪ್ಪತ್ತಮೂರರಲ್ಲಿ ಒಬ್ಬರು, ಸೇತುವೆಯ ದಿನ ತೀರಿಕೊಂಡವರು. ಸ್ವಲ್ಪ ಮೆದುವಾಗಿ ಮಾತಾಡಿಸು.

ಶಿಬಿರವನ್ನು ಆಡಿಕೊಳ್ಳುವುದು ಸುಲಭ. ನೀನು ಆ ಹುಡುಗರನ್ನು ನೋಡಿಲ್ಲ. ನಾವು ಪೈಲ್ವಾನ್ ಎಂದು ಕರೆಯುವ ಒಬ್ಬನಿದ್ದಾನೆ, ಗೋದಾಮಿನಲ್ಲಿ ಮೂಟೆ ಹೊರುವವನು. ಎರಡು ವರ್ಷದ ಹಿಂದೆ ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ. ಅವನ ಅಪ್ಪನೂ ಹಾಗೇ ಇದ್ದ. ಗಂಡಸು ಅಂದರೆ ಅದೇ ಎಂದು ತಿಳಿದಿದ್ದ. ಈಗ ಭಾನುವಾರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾನೆ. ದಿಮ್ಮಿ ಹೊರಿಸಿದ್ದಕ್ಕೆ ಬಂದದ್ದು ಅಂತಲ್ಲ. ಆದರೆ ‘ನೀನೂ ಒಬ್ಬ ಗಂಡಸು, ನಿನ್ನಿಂದ ಒಂದು ಕೆಲಸ ಆಗಬೇಕಿದೆ’ ಎಂದು ಅವನಿಗೆ ಯಾರೋ ಹೇಳಬೇಕಿತ್ತು. ನಾನು ಹೇಳಿದೆ. ತಪ್ಪೇ?

ಯುದ್ಧದ ಮಾತಿಗೆ ಬಂದರೆ, ಅಕ್ಕ, ನಾವಿಬ್ಬರೂ ಹುಟ್ಟುವ ಮೊದಲು ನಮ್ಮ ದೇವಾಲಯದ ಬಾಗಿಲಿಗೆ ಆಗ ನಮ್ಮನ್ನು ಆಳುತ್ತಿದ್ದವರು ಬೀಗ ಹಾಕಿದ್ದರು. ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಿದವರು ಜೈಲಿಗೆ ಹೋದರು. ಅಪ್ಪನಿಗೆ ದೀಕ್ಷಾಸ್ನಾನ ಆದದ್ದು ದನದ ಕೊಟ್ಟಿಗೆಯಲ್ಲಿ, ಕದ್ದುಮುಚ್ಚಿ. ಆ ಬೀಗ ಒಡೆದದ್ದು ಬರೀ ಪ್ರಾರ್ಥನೆಯಲ್ಲ. ಕತ್ತಿಯನ್ನು ಒರೆಯಲ್ಲಿ ಸೇರಿಸು ಎಂದು ಕರ್ತನು ಶಿಷ್ಯನಿಗೆ ಹೇಳಿದ್ದು ನನಗೂ ಗೊತ್ತು. ಆದರೆ ಬೇರೆಯವರು ಹಿಡಿದ ಕತ್ತಿಯ ನೆರಳಲ್ಲಿ ಕೂತು, ಕತ್ತಿ ಕೆಟ್ಟದ್ದು ಎಂದು ಪ್ರಸಂಗ ಮಾಡಲು ನನಗೆ ನಾಚಿಕೆಯಾಗುತ್ತದೆ.

ಅಪ್ಪ ಈ ಊರು ಬಿಟ್ಟು ಎಷ್ಟೋ ವರ್ಷವಾದರೂ, ಇಲ್ಲಿಂದ ಹೋದವರಲ್ಲಿ ಇಂದು ಉಳಿದಿರುವುದು ಅವರೊಬ್ಬರೇ. ಆ ದಿನ ಬಂದು ಹತ್ತು ನಿಮಿಷ ಮಾತಾಡಲಿ ಎಂದು ಮಂಡಳಿ ಕೇಳಿದೆ. ಪ್ರಾಂತ್ಯದ ಅಧ್ಯಕ್ಷರು ಬರುತ್ತಾರೆ, ಮಂತ್ರಿಗಳೂ ಬರಬಹುದು. ‘ಅದು ನಾನಲ್ಲ’ ಎನ್ನುವುದು ಅವರ ವಿನಯ. ದೊಡ್ಡವರೆಲ್ಲ ಹಾಗೇ ಹೇಳುವುದು. ನೀನು ಒಪ್ಪಿಸು.

ನಿನ್ನ ತಮ್ಮ


ಮಾರ್ಚ್ 27

ಪ್ರೀತಿಯ ಗುಂಡ,

ವಿನಯವಂತೆ ವಿನಯ! ಕೂತುಕೊಂಡು ಓದು.

ಇಪ್ಪತ್ತಮೂರು ಚೀಟಿಗಳೂ ಬಂದವು. ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ದಿನಾ ಒಂದಿಷ್ಟು ಓದಿದೆ. ‘ಏನಾಗಬೇಕು’ ಎನ್ನುವ ಕಡೆ ಒಬ್ಬ ಮುದುಕರು ‘ಅಣ್ಣ. ನನ್ನ ಹೊಸ ಬೂಟು ಹಾಕಿಕೊಂಡು ಹೋದ’ ಎಂದು ಬರೆದಿದ್ದಾರೆ, ಸಿಟ್ಟು ಇನ್ನೂ ಇಳಿದಂತಿಲ್ಲ. ಒಬ್ಬ ಅಜ್ಜಿ, ‘ನನ್ನನ್ನು ಮದುವೆಯಾಗುವ ಯೋಚನೆ ಇವನಿಗಿತ್ತು. ಹೇಳಿರಲಿಲ್ಲ, ನನಗೆ ಗೊತ್ತಿತ್ತು’ ಎಂದಿದ್ದಾರೆ. ನಿಮ್ಮ ಕಾರ್ಯದರ್ಶಿಗಳು ಮುತ್ತಿನಂಥ ಅಕ್ಷರದಲ್ಲಿ ‘ತಮ್ಮ’ ಎಂದಷ್ಟೇ ಬರೆದು ಸಹಿ ಹಾಕಿದ್ದಾರೆ. ಸಹಿಯ ಮೇಲೆ ನೀರು ಬಿದ್ದು ಕದಡಿದೆ. ಅವರನ್ನು ಇನ್ನು ಮೆದುವಾಗಿಯೇ ಮಾತಾಡಿಸುತ್ತೇನೆ.

ಮೊನ್ನೆ ಮಧ್ಯಾಹ್ನ ನಾನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ. ಅಪ್ಪ ಬಂದು, ‘ಒಂದು ಖಾಲಿ ಚೀಟಿ ಕೊಡೇ’ ಅಂದರು. ಯಾರೋ ಗಿರಾಕಿಗೆ ಇರಬೇಕೆಂದು ಕೊಟ್ಟೆ. ಬೆಂಚಿನ ಮೇಲೆ ಕೂತು ಬರೆದು ನನ್ನ ಕೈಗಿಟ್ಟರು. ನನಗೆ ಪರಿಚಯವಿಲ್ಲದ ಹೆಸರು. ಸತ್ತ ದಿನ, ಸೇತುವೆಯ ದಿನ. ಸಹಿ, ಅಪ್ಪನದೇ. ‘ಏನಾಗಬೇಕು’ ಎನ್ನುವ ಕಡೆ ‘ಕೊಂದವನು’ ಎಂದಿದೆ.

ಗುಂಡ, ಆ ಪದವನ್ನು ನಾನು ಎರಡು ಸಲ ಓದಿದೆ.

‘ಏನಪ್ಪಾ ಇದು?’ ಎಂದೆ.

‘ಚೀಟೀಲಿ ಆ ಜಾಗ ಇದೆಯಲ್ಲ. ತುಂಬಿದೀನಿ.’

ಆಮೇಲೆ ಅವರೇ ಹೇಳಿದರು. ಅವರು ಹೇಳಿದಂತೆಯೇ ಬರೆಯುತ್ತೇನೆ, ಒಂದಕ್ಷರ ಸೇರಿಸುವುದಿಲ್ಲ. ‘ಸೇತುವೆ ಹಿಡಿದಾಗ ನಾನು ಅದರ ಮೇಲೆ ಇರ್ಲೇ ಇಲ್ಲ ಕಣೇ. ಬೆಳಗ್ಗೆ ನಮ್ಮವರು ಮೂರು ಜನ ಸತ್ತುಹೋದ್ರು. ಮಧ್ಯಾಹ್ನ ಆ ಕಡೆಯವರೆಲ್ಲ ಓಡಿಹೋದ ಮೇಲೆ ನನ್ನನ್ನ ಕೆಳಗೆ ನೀರಿನ ಹತ್ರ ಕಳಿಸಿದ್ರು, ಯಾರಾದ್ರೂ ಉಳಿದಿದಾರಾ ನೋಡು ಅಂತ. ಒಬ್ಬ ಕೂತು ತಟ್ಟೆ ತೊಳೀತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ, ಅವನ ಕಡೆಯವರು ಹೋಗಿಬಿಟ್ಟಿದ್ರು. ಅವನ ಬಂದೂಕು ಹತ್ತು ಹೆಜ್ಜೆ ದೂರ ಇತ್ತು. ನನ್ನನ್ನ ನೋಡ್ದ. ಓಡ್ಲಿಲ್ಲ, ಕೈ ಎತ್ಲಿಲ್ಲ, ತಟ್ಟೆ ಹಿಡ್ಕೊಂಡೇ ನೋಡ್ದ. ನಾನು ಹೊಡೆದೆ. ಜೇಬಲ್ಲಿ ಕಾಗದಪತ್ರ ಇದ್ರೆ ತೊಗೊಂಡು ಬಾ ಅಂದಿದ್ರು. ಕೀರ್ತನೆ ಪುಸ್ತಕ ಇತ್ತು. ನಾವು ಹಾಡೋ ಅವೇ ಕೀರ್ತನೆ, ಅವರ ಭಾಷೇಲಿ. ಮೊದಲನೇ ಹಾಳೇಲಿ ಹೆಸರು, ದೀಕ್ಷಾಸ್ನಾನದ ತಾರೀಖು. ಅವರಮ್ಮ ಬರೆದಿರಬೇಕು. ಮೇಲೆ ಬಂದಾಗ ಬಾವುಟ ಹಾರಿಸ್ತಿದ್ರು. ಎಲ್ರೂ ಸ್ತೋತ್ರ ಹಾಡಿದ್ರು, ನಾನೂ ಹಾಡಿದೆ.’

ಆ ಪುಸ್ತಕ ಇಷ್ಟು ವರ್ಷ ಸಣ್ಣ ಉಳಿಗಳ ಪೆಟ್ಟಿಗೆಯ ತಳದಲ್ಲಿತ್ತು. ಅದು ಅಮ್ಮನದೆಂದು ನಾನು ತಿಳಿದಿದ್ದೆ. ‘ಅಮ್ಮನಿಗೆ ಗೊತ್ತಿತ್ತಾ?’ ಎಂದು ಕೇಳಿದೆ. ‘ಇಲ್ಲ. ಅವಳು ಒಳ್ಳೆಯವಳು, ಸಮಾಧಾನ ಮಾಡಿಬಿಡ್ತಿದ್ಲು. ನನಗದು ಬೇಡವಾಗಿತ್ತು’ ಅಂದರು.

ನೀನು ಬರೆದ ಬೀಗದ ಮಾತು ಅವರಿಗೆ ಓದಿ ಹೇಳಿದೆ. ‘ಹೋಗಬಾರದಿತ್ತು ಅಂತ ನಾನು ಹೇಳ್ತಿಲ್ಲ. ಬೀಗ ಇತ್ತು, ನಿಜ. ಹೋದೆ. ಏನು ಮಾಡಿದೆ ಅಂತ ಹೇಳ್ತಿದೀನಿ, ಅಷ್ಟೇ. ಅವನೂ ಆ ಯುದ್ಧದಲ್ಲೇ ಸತ್ತ. ಅವನ ಹೆಸರೂ ಆ ಕಲ್ಲಲ್ಲಿ ಇರ್ಲಿ. ದೇವರ ಮನೇಲಿ ಒಂದು ಸಲ ಯಾರಾದ್ರೂ ಬಾಯಿಬಿಟ್ಟು ಹೇಳ್ಲಿ. ಹತ್ತು ನಿಮಿಷ ಮಾತು ಗೀತು ನನಗೆ ಬೇಡ.’

ಚೀಟಿಯ ನಕಲು ಇದರೊಳಗಿದೆ. ದಿನದ ಪ್ರಕಾರ ಅವನದು ಹತ್ತನೆಯದಾಗುತ್ತದೆ, ಕಾರ್ಯದರ್ಶಿಗಳ ಅಣ್ಣನ ಕೆಳಗೆ. ನೀನು ಏನು ಹೇಳುತ್ತೀಯೋ ಬೇಗ ಬರಿ. ಮೊದಲ ಒಂಬತ್ತು ಹೆಸರು ಮುಗಿಯುವವರೆಗೆ ಕಾಯುತ್ತೇನೆ.

ಅಕ್ಕ


ಮೇ 2

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತು. ಪುನರುತ್ಥಾನದ ಹಬ್ಬದ ಓಡಾಟ, ನಂತರ ಎರಡು ಮದುವೆ, ಒಂದು ಶವಸಂಸ್ಕಾರ.

ಚೀಟಿ ನೋಡಿದೆ. ಅಪ್ಪನಿಗೆ ಇಷ್ಟು ವರ್ಷ ಈ ಭಾರ ಇತ್ತೆಂದು ತಿಳಿದು ಬಹಳ ನೋವಾಯಿತು. ಯುದ್ಧದಲ್ಲಿ, ಆಜ್ಞೆಯ ಮೇರೆಗೆ ನಡೆದದ್ದು ಕೊಲೆಯಲ್ಲ ಎಂದು ಹಿರಿಯರು ಕಲಿಸಿದ್ದಾರೆ. ಹಾಗಿದ್ದರೂ ಅವರಿಗೆ ಪಾಪದ ಅರಿಕೆ ಮಾಡಿಕೊಳ್ಳಬೇಕೆನಿಸಿದರೆ ನಾನೇ ಬರುತ್ತೇನೆ, ನಾವಿಬ್ಬರೇ ಕೂತು ಪ್ರಾರ್ಥಿಸೋಣ. ಕ್ಷಮೆ ಇಲ್ಲದ ಪಾಪವಿಲ್ಲ.

ಗೋಡೆಯ ವಿಷಯ ಬೇರೆ. ಅದು ನಮ್ಮ ಮನೆಯ ಗೋಡೆಯಲ್ಲ. ಇಪ್ಪತ್ತಮೂರು ಮನೆಯವರ ದುಃಖ ಅದರ ಮೇಲಿದೆ. ಮಂಡಳಿಯ ಮುಂದೆ ಸದ್ಯಕ್ಕೆ ಎತ್ತುವುದು ಸೂಕ್ತವಲ್ಲ ಅನಿಸುತ್ತದೆ. ಜೂನ್ ಇಪ್ಪತ್ತು ಕಳೆದ ಮೇಲೆ, ಸಮಯ ನೋಡಿಕೊಂಡು, ಬೇರೆ ರೀತಿಯಲ್ಲಿ ಏನಾದರೂ ಮಾಡಬಹುದು.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಮೇ 15

ಪೂಜ್ಯ ಸಭಾಪಾಲಕರಿಗೆ,

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಯಾವ ಕಾಲೇಜಿನಲ್ಲಿ ಕಲಿತೆ ನೀನು? ಐದು ವಾರ ಕಾದೆ. ಬಂದದ್ದೇನು? ‘ಸದ್ಯಕ್ಕೆ’, ‘ಸಮಯ ನೋಡಿಕೊಂಡು’, ‘ಬೇರೆ ರೀತಿಯಲ್ಲಿ’. ಅಪ್ಪನಿಗೆ ಎಪ್ಪತ್ತೆರಡು ಕಣೋ. ಅವರ ಸಮಯವನ್ನು ನೀನು ಯಾವ ಗಡಿಯಾರದಲ್ಲಿ ನೋಡುತ್ತೀಯ?

ನಿನ್ನ ಕಾಗದ ಅವರಿಗೆ ಓದಿದೆ. ಕ್ಷಮೆಯ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ನನಗೆ ಕ್ಷಮೆ ಕೊಡ್ಸು ಅಂತ ಇವನನ್ನ ಯಾರು ಕೇಳಿದ್ರು? ಅದು ನಾನೂ ದೇವರೂ ನೋಡ್ಕೋತೀವಿ. ನಾನು ಕೇಳಿದ್ದು ಅವನ ಹೆಸರು’ ಅಂದರು. ರಕ್ತ ಚೆಲ್ಲಿದ ಕೈ ನನ್ನ ಆಲಯ ಕಟ್ಟುವುದು ಬೇಡ ಎಂದು ದೇವರು ಒಬ್ಬ ದೊಡ್ಡ ಅರಸನಿಗೇ ಹೇಳಿದ ಪಾಠ ನೀನೇ ಪ್ರಸಂಗಪೀಠದಿಂದ ಓದಿರುತ್ತೀಯ. ಆ ಅರಸನಿಗೆ ಅದನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ಇತ್ತು, ನಿಮ್ಮ ಮಂಡಳಿಗೆ ಇಲ್ಲ.

ಕೆತ್ತಿದ್ದೇನೆ. ಚೀಟಿ ಬಂದಿದೆ, ಹೆಸರಿದೆ, ದಿನವಿದೆ, ಬಲ್ಲವರ ಸಹಿಯಿದೆ. ನಮ್ಮ ಕಟ್ಟಳೆಯಲ್ಲಿ ಇದಕ್ಕಿಂತ ಸರಿಯಾದ ಚೀಟಿ ಇಲ್ಲ. ಇಪ್ಪತ್ತನಾಲ್ಕು ಹೆಸರು, ಹತ್ತನೆಯದು ಅವನದು. ಕೊನೆಯಲ್ಲಿದ್ದಿದ್ದರೆ ಕೆಳಗಿನ ಅಂಚು ಕತ್ತರಿಸಿ ಹಾಕುತ್ತಿದ್ದಿರಿ. ನಡುವೆ ಇದೆ, ತೆಗೆದರೆ ಕಲ್ಲೇ ಎರಡಾಗುತ್ತದೆ. ನಿನ್ನೆ ಲಾರಿಗೆ ಹಾಕಿ ಕಳಿಸಿದೆವು. ನಿನಗೆ ಮೊದಲೇ ಹೇಳುತ್ತಿದ್ದೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡ.

ಅಕ್ಕ


ಜೂನ್ 14

ಅಕ್ಕ,

ನಿನಗೆ ತಲೆ ನೆಟ್ಟಗಿದೆಯಾ?

ನೀನು ಬರೆದದ್ದು ಬರೀ ಬೆದರಿಕೆ ಎಂದುಕೊಂಡಿದ್ದೆ. ಚಿಕ್ಕಂದಿನಲ್ಲಿ ನನ್ನ ಪುಸ್ತಕವನ್ನು ಬಾವಿಗೆ ಹಾಕುತ್ತೇನೆ ಎನ್ನುತ್ತಿದ್ದೆಯಲ್ಲ, ಹಾಕುತ್ತಿರಲಿಲ್ಲ. ಕಲ್ಲು ಬಂದ ಪೆಟ್ಟಿಗೆಯನ್ನು ಹಿಂದಿನ ಕೋಣೆಯಲ್ಲಿ ಹಾಗೇ ಇರಿಸಿದ್ದರು. ನಿನ್ನೆ ಗೋಡೆಗೆ ಕೂರಿಸಲು ತೆಗೆದಾಗ ಇಡೀ ಮಂಡಳಿ ಮುಂದೆ ನಿಂತಿತ್ತು. ಕಾರ್ಯದರ್ಶಿಗಳು ಮೊದಲು ತಮ್ಮ ಅಣ್ಣನ ಹೆಸರು ಹುಡುಕಿದರು. ಬೆರಳಿಟ್ಟು ಸವರಿದರು. ಬೆರಳು ಹಾಗೇ ಕೆಳಗಿನ ಸಾಲಿಗೆ ಜಾರಿತು. ‘ಇದು ಯಾರು ಪಾದ್ರಿಗಳೇ? ನಮ್ಮಲ್ಲಿ ಈ ಥರ ಹೆಸರು ಇಡಲ್ಲವಲ್ಲ’ ಅಂದರು.

ನಾನು ಹೇಳಬೇಕಾಯಿತು. ಅರ್ಧಂಬರ್ಧ ಹೇಳಿದೆ. ಅವರು ಕೂಗಾಡಲಿಲ್ಲ. ‘ನನ್ನ ಅಣ್ಣನ್ನ ಕೊಂದವರಲ್ಲಿ ಒಬ್ಬನ್ನ ಅವನ ಪಕ್ಕದಲ್ಲೇ ಮಲಗಿಸಿದ್ದೀರಲ್ಲ’ ಎಂದಷ್ಟೇ ಹೇಳಿ ಕೂತುಬಿಟ್ಟರು. ಆ ಮನುಷ್ಯ ಅಣ್ಣನ ದೇಹವನ್ನೂ ನೋಡಲಿಲ್ಲ ಅಕ್ಕ. ಅವರಿಗೆ ನಾನು ಏನು ಹೇಳಲಿ? ನಿನ್ನ ಶೆಡ್ಡಿನ ಕಟ್ಟಳೆ ಹೇಳಲೇ?

ಬೇರೆ ಕಲ್ಲಿಗೆ ಸಮಯವಿಲ್ಲ. ಹತ್ತನೇ ಸಾಲಿಗೆ ಕಲ್ಲಿನ ಪುಡಿ, ಅಂಟು ಕಲಸಿ ಮೆತ್ತಿ, ಮೇಲೆ ಕಪ್ಪು ಬಣ್ಣ ಹಚ್ಚುವುದು ಎಂದು ತೀರ್ಮಾನವಾಗಿದೆ. ನಾನು ಒಪ್ಪಿದೆ. ಅತ್ತ ದರಿ, ಇತ್ತ ಪುಲಿ. ಅಪ್ಪ ಮುಂದಿನ ಬೆಂಚಿನಲ್ಲಿ ಕೂರಲಿ, ಮಾತಾಡುವುದು ಬೇಡ. ಅವರಿಗೆ ನೀನೇ ತಿಳಿಸು. ನನಗೆ ಧೈರ್ಯವಿಲ್ಲ.

ತಮ್ಮ


ಜೂನ್ 22

ಗುಂಡ,

ನಿನ್ನೆಯೇ ಬರೆಯಲು ಕೂತೆ, ಎರಡು ಹಾಳೆ ಹರಿದು ಬಿಟ್ಟೆ. ಇವತ್ತೂ ಸಿಟ್ಟು ಇಳಿದಿಲ್ಲ.

ಬಣ್ಣ ಮೆತ್ತಿದ್ದನ್ನು ಹೇಳಲು ನನಗೂ ಮನಸ್ಸು ಬಂದಿರಲಿಲ್ಲ, ಅಪ್ಪ ಬಾಗಿಲಲ್ಲೇ ನೋಡಿದರು. ಐವತ್ತು ವರ್ಷ ಕಲ್ಲು ನೋಡಿದ ಕಣ್ಣಿಗೆ ತಿಳಿಯದೇ? ‘ಬಾಯಲ್ಲಾದ್ರೂ ಹೇಳ್ತಾನೆ’ ಎಂದು ನನ್ನ ಕಿವಿಯಲ್ಲಿ ಹೇಳಿ ಕೂತರು. ಅದನ್ನೇ ನಂಬಿ ಕೂತಿದ್ದರು, ಕೇಳಿಸಿತಾ ನಿನಗೆ?

ನೀನು ಹೆಸರು ಓದಲು ಶುರುಮಾಡಿದೆ. ಒಂದೊಂದು ಹೆಸರಿಗೂ ಇಡೀ ಸಭೆ ‘ನಮ್ಮವನು’ ಎಂದು ಉತ್ತರ ಕೊಡುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ಆ ಬೂಟಿನ ಅಣ್ಣನ ಹೆಸರು ಬಂದಾಗ ನಾನೂ ಗಟ್ಟಿಯಾಗಿ ಅಂದೆ. ನೀನು ಒಂಬತ್ತನೆಯದು ಓದಿದೆ. ಕಾರ್ಯದರ್ಶಿಗಳು ಮುಖ ಮುಚ್ಚಿಕೊಂಡರು. ಆಮೇಲೆ ನೀನು ತಲೆ ಎತ್ತಿ ಅಪ್ಪನನ್ನು ನೋಡಿದೆ. ನೋಡಿದೆ, ಇಲ್ಲವೆನ್ನಬೇಡ. ಅಪ್ಪ ‘ನಮ್ಮವನು’ ಎನ್ನಲು ತುಟಿ ತೆರೆದು ಕಾಯುತ್ತಿದ್ದರು. ನೀನು ಹನ್ನೊಂದನೆಯ ಹೆಸರು ಓದಿದೆ.

ಅಪ್ಪ ಬಾಯಿ ಮುಚ್ಚಿಕೊಂಡರು. ಆಮೇಲೆ ಯಾವ ಹೆಸರಿಗೂ ತೆರೆಯಲಿಲ್ಲ.

ಗಂಡಸರ ಶಿಬಿರ ಮಾಡುತ್ತೀಯಲ್ಲ, ನಾಚಿಕೆಯಾಗಲಿಲ್ಲವೇ? ದಿಮ್ಮಿ ಹೊರುವುದಕ್ಕೆ ಕತ್ತೆಯೂ ಸಾಕು. ಒಂದು ಹೆಸರು ಹೊರಲು ಆಗಲಿಲ್ಲ ನಿನಗೆ. ಆರಾಧನೆ ಮುಗಿದ ಕೂಡಲೇ ಒಳಕೋಣೆಗೆ ಬಂದು, ಮಂತ್ರಿಯ ಎದುರೇ ನಿನ್ನ ಕಿವಿ ಹಿಂಡಬೇಕೆಂದು ಹೊರಟಿದ್ದೆ. ಅಪ್ಪ ನನ್ನ ಸೆರಗು ಹಿಡಿದು ನಿಲ್ಲಿಸಿದರು.

‘ಬಿಡೇ. ಅವನನ್ನ ಬಯ್ಯಬೇಡ. ನನಗೆ ಹೇಳೋಕೆ ಐವತ್ತು ವರ್ಷ ಬೇಕಾಯ್ತು. ಅವನಿಗೆ ಒಂದೆರಡು ಭಾನುವಾರ ಆದ್ರೂ ಕೊಡು.’

ಅವರು ಹೇಳಿದ್ದನ್ನು ತಿಳಿಸಿದ್ದೇನೆ. ನಾನಾಗಿದ್ದರೆ ಒಂದು ಗಂಟೆಯೂ ಕೊಡುತ್ತಿರಲಿಲ್ಲ.

ಅಕ್ಕ


ಜುಲೈ 2

ತೀರ್ಥರೂಪ ಅಪ್ಪನಿಗೆ,

ನಿಮ್ಮ ಮಗ ಮಾಡುವ ನಮಸ್ಕಾರಗಳು. ಯಾವಾಗಲೂ ಅಕ್ಕನ ಮೂಲಕವೇ ನಿಮ್ಮನ್ನು ಕೇಳುತ್ತಿದ್ದೆ. ನಿಮಗೇ ಬರೆದು ಎಷ್ಟೋ ವರ್ಷವಾಯಿತು.

ಬಂದೂಕು ಮತ್ತು ಸತ್ಯವೇದದ ಕಥೆ ಯಾರು ಹೇಳಿದರೆಂದು ಅಕ್ಕ ಕೇಳಿದ್ದಳು. ಯಾರೂ ಹೇಳಲಿಲ್ಲ, ನಾನೇ ಕಟ್ಟಿದೆ. ಮೂರನೇ ತರಗತಿಯಲ್ಲಿ ಎಲ್ಲರೂ ಅವರವರ ಅಪ್ಪ, ಚಿಕ್ಕಪ್ಪ ಯುದ್ಧದಲ್ಲಿ ಏನು ಮಾಡಿದರೆಂದು ಹೇಳುತ್ತಿದ್ದರು. ನಿಮ್ಮನ್ನು ಕೇಳಿದರೆ ನೀವು ಎದ್ದು ಹೊರಗೆ ಹೋದಿರಿ. ನನ್ನಪ್ಪ ಹೆದರಿ ಓಡಿಬಂದವರಿರಬೇಕು ಎಂದು ನನಗೆ ಭಯವಾಯಿತು. ಅದಕ್ಕೆ ಒಂದು ಕಥೆ ಮಾಡಿದೆ. ಹೇಳಿ ಹೇಳಿ ನನಗೇ ನಂಬಿಕೆ ಬಂತು. ಈ ಮಾತನ್ನು ಸಭೆಯ ಮುಂದೆಯೂ ಹೇಳುತ್ತೇನೆ.

ಮೊನ್ನೆ ಬೆಳಿಗ್ಗೆ ಯಾರೂ ಇಲ್ಲದಾಗ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಹತ್ತನೇ ಸಾಲನ್ನು ಕೆರೆಯಲು ಶುರುಮಾಡಿದೆ. ಕಲ್ಲಿನ ಕೆಲಸ ನನಗೆ ಬರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಹೆಬ್ಬೆರಳು ಕೊಯ್ದುಕೊಂಡೆ, ಎರಡನೇ ಅಕ್ಷರದ ಅಂಚು ಚಕ್ಕೆ ಎದ್ದಿದೆ. ಪೈಲ್ವಾನ್ ಎಂಬ ನಮ್ಮ ಹುಡುಗ ಕುರ್ಚಿ ಜೋಡಿಸಲು ಬಂದವನು ನೋಡಿಬಿಟ್ಟ. ‘ಏನ್ ಮಾಡ್ತಿದೀರ ಸರ್?’ ಅಂದ. ಎಲ್ಲವನ್ನೂ ಹೇಳಿದೆ, ತಟ್ಟೆಯ ಸಮೇತ. ಅವನು ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಮಿಕ್ಕಿದ್ದನ್ನು ಅವನೇ ಕೆರೆದ.

ಏಳನೇ ತಾರೀಖು ಭಾನುವಾರ, ಪ್ರಭುಭೋಜನದ ಸಂಸ್ಕಾರಕ್ಕೆ ಮುಂಚೆ, ಎಲ್ಲಾ ಹೆಸರುಗಳನ್ನೂ ಇನ್ನೊಮ್ಮೆ ಓದುತ್ತೇನೆ. ಕಾರ್ಯದರ್ಶಿಗಳ ಮನೆಗೆ ಹೋಗಿ ಮೊದಲೇ ತಿಳಿಸಿದ್ದೇನೆ. ನೀವು ಬರುವ ಶ್ರಮ ತೆಗೆದುಕೊಳ್ಳಬೇಡಿ, ಬಸ್ಸಿನಲ್ಲಿ ಆರು ಗಂಟೆ.

ನಿಮ್ಮ ಮಗ


ಜುಲೈ 8

ಪ್ರೀತಿಯ ಅಕ್ಕನಿಗೆ,

ನಿನ್ನೆ ಫೋನಿನಲ್ಲಿ ನೀನು ಕೂಗಿದ್ದು ನನ್ನ ಹೆಂಡತಿಗೆ ಅಡುಗೆಮನೆಯವರೆಗೂ ಕೇಳಿಸಿತು. ಅಪ್ಪ ಹೇಳದೆ ಬಂದದ್ದಕ್ಕೆ ನಾನು ಹೇಗೆ ಹೊಣೆ? ಬರಬೇಡಿ ಎಂದೇ ಬರೆದಿದ್ದೆ. ಶನಿವಾರ ಭಾವನಿಗೆ ‘ಕಮ್ಮಾರನ ಹತ್ರ ಉಳಿ ಕಾಯಿಸಿಕೊಂಡು ಬರ್ತೀನಿ’ ಎಂದು ಹೇಳಿ ಬಸ್ಸು ಹತ್ತಿದರಂತೆ. ಚೀಲದಲ್ಲಿ ನಾಲ್ಕು ಉಳಿಗಳೂ ಇದ್ದವು. ಆ ರಾತ್ರಿ ಎಲ್ಲಿದ್ದರೆಂದು ಕೇಳಿದರೆ ‘ಬಸ್ ಸ್ಟ್ಯಾಂಡಲ್ಲಿ ಬೆಂಚು ಇರುತ್ತಲ್ಲ’ ಎನ್ನುತ್ತಾರೆ. ನನಗೂ ತಲೆ ಚಿಟ್ಟು ಹಿಡಿದಿದೆ, ನೀನೊಬ್ಬಳೇ ಅಲ್ಲ.

ಏನಾಯಿತೆಂದು ನೀನು ಕೇಳಿದೆ, ಫೋನಿನಲ್ಲಿ ಹೇಳಲಾಗಲಿಲ್ಲ. ಮೊದಲು ನನ್ನ ಸುಳ್ಳು ಹೇಳಿಕೊಂಡೆ. ಆಮೇಲೆ ಅಪ್ಪ ಮಾಡಿದ್ದು ಹೇಳಿದೆ. ಅವರು ಅಲ್ಲೇ ಕೂತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೆಸರು ಓದಲು ಶುರುಮಾಡುವ ಮುಂಚೆಯೇ ಹತ್ತು ಹನ್ನೆರಡು ಮನೆಯವರು ಎದ್ದುಹೋದರು. ಕಾರ್ಯದರ್ಶಿಗಳು ಒಂಬತ್ತನೆಯ ಹೆಸರಿನವರೆಗೆ ಇದ್ದರು. ‘ನಮ್ಮವನು’ ಎಂದು ಹೇಳಿ, ಎದ್ದು, ಯಾರನ್ನೂ ನೋಡದೆ ನಡೆದುಬಿಟ್ಟರು. ಅವರ ಮೇಲೆ ನನಗೆ ಕೋಪವಿಲ್ಲ.

ಹತ್ತನೆಯದು ಓದಿದೆ. ಉಚ್ಚಾರ ಸರಿಯಿತ್ತೋ ಇಲ್ಲವೋ, ಗಟ್ಟಿಯಾಗಿ ಓದಿದೆ. ಯಾರೂ ಏನೂ ಅನ್ನಲಿಲ್ಲ. ಹಿಂದಿನಿಂದ ಮೂರನೇ ಬೆಂಚಿನಲ್ಲಿ ಯಾರೋ ಏಳುವ ಸದ್ದಾಯಿತು. ಅಪ್ಪ. ಮುಂದಿನ ಬೆಂಚು ಹಿಡಿದು ನಿಂತು ‘ನಮ್ಮವನು’ ಅಂದರು. ಸ್ವರ ಒಡೆಯಿತು. ಸರಿಯಾಗಿ ಬರಲಿಲ್ಲವೆಂದು ಕೆಮ್ಮಿ, ಇನ್ನೊಮ್ಮೆ ಅಂದರು. ಆಮೇಲೆ ಅಲ್ಲಲ್ಲಿ ನಾಲ್ಕೈದು ಜನ ಅಂದರು, ಬಹಳ ಮೆಲ್ಲಗೆ. ನಾನು ಹನ್ನೊಂದನೆಯದಕ್ಕೆ ಹೋದೆ. ಅಪ್ಪ ಕೊನೆಯ ಹೆಸರಿನವರೆಗೂ ನಿಂತೇ ಇದ್ದರು.

ಶುಕ್ರವಾರ ಮಂಡಳಿ ನನ್ನನ್ನು ಕರೆದಿದೆ. ಈ ಮನೆ ಖಾಲಿ ಮಾಡಬೇಕಾಗಬಹುದು. ಶಿಬಿರಕ್ಕೆ ಬರುತ್ತಿದ್ದವರಲ್ಲಿ ಅರ್ಧ ಜನ ಇನ್ನು ಬರುವುದಿಲ್ಲ ಎಂದಿದ್ದಾರೆ. ಇದನ್ನೆಲ್ಲ ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಎರಡು ತುತ್ತು ತಿಂದು ಕೈ ನಿಲ್ಲಿಸಿದರು. ಪಾದ್ರಿಯ ಬುದ್ಧಿ ನನ್ನದು, ಕೇಳದಿರಲಾಗಲಿಲ್ಲ. ‘ಈಗ ಸ್ವಲ್ಪ ಹಗುರ ಆಯ್ತಾ ಅಪ್ಪ?’ ಎಂದೆ.

ಅವರು ನನ್ನನ್ನು ನೋಡಿದ ರೀತಿ, ಅಕ್ಕ, ನಾನು ಇಷ್ಟು ವರ್ಷ ಓದಿದ್ದೆಲ್ಲ ದಂಡ ಅನ್ನಿಸಿತು.

‘ಎಲ್ಲಿಂದ ಹಗುರ ಆಗುತ್ತೋ?’ ಅಂದರು. ‘ಅವನು ಸತ್ತೇ ಇದಾನಲ್ಲ.’

ನಿನ್ನ ತಮ್ಮ